ಕ್ರೈಸ್ತ ಜೀವನದಲ್ಲಿ ನಿಜವಾದ ಆರಾಧನೆ



ದೇವರನ್ನು ಎಲ್ಲಿ ಪೂಜಿಸಬೇಕು, ಯಾವಾಗ ಪೂಜಿಸಬೇಕು ಎಂಬ ವಿಷಯದಲ್ಲಿ ಎಲ್ಲ ಮತಗಳಲ್ಲಿಯೂ ಬಹಳ ಚರ್ಚೆ ನಡೆದಿರುತ್ತದೆ. ಪೂಜಿಸುವವನು ಎಂಥವನಾಗಿರಬೇಕೆಂಬ ಪ್ರಶ್ನೆಯು ಕಠಿನವಾದುದರಿಂದ ಜನರು ಅದನ್ನು ಹಿಂದಕ್ಕೆ ತಳ್ಳುತ್ತ ಬಂದಿರುವರು. ಕ್ರೈಸ್ತ ಮತವು ಈ ಎರಡನೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು ವಿಚಾರಿಸುವುದೇ ಇಂದಿನ ಉದ್ದೇಶವು.

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವುಂಟು. ನಡುಹಗಲಿನಲ್ಲಿ ಯೇಸುಸ್ವಾಮಿಯು ದಾರಿನಡೆದು ಬಳಲಿ ಯಾಕೋಬನ ಬಾವಿಯ ಬಳಿ ಕುಳಿತು, ನೀರಿಗೆ ಬಂದ ಸಮಾರ್ಯದ ಸ್ತ್ರೀಯೊಬ್ಬಳನ್ನು ಕುಡಿಯಲು ನೀರು ಬೇಡಿದನು. ಯೆಹೂದ್ಯರು ಸಮಾರ್ಯದವರನ್ನು ದೂರವಿಟ್ಟಿದ್ದ ಕಾಲವದು. ಆಕೆಗೆ ಮೊದಲು ಆಶ್ಚರ್ಯವಾಯಿತು. ಮಾತು ಬೆಳೆದ ಬಳಿಕ ಆಕೆ ಹಳೆಯ ವ್ಯಾಜ್ಯವನ್ನೇ ಮುಂದಿಟ್ಟಳು. ಸಮಾರ್ಯದವರಿಗೆ ಗೆರಿಜ್ಜೀಮ್ ಬೆಟ್ಟವು ಪುಣ್ಯಕ್ಷೇತ್ರ; ಯೆಹೂದ್ಯರಿಗೆ ಯೆರೂಸಲೇಮಿನ ದೇವಾಲಯ. ಇವುಗಳಲ್ಲಿ ಸರಿಯಾದುದಾವುದು? ಯೇಸುವು ಬೆಟ್ಟವನ್ನಾಗಲಿ ನಗರವನ್ನಾಗಲಿ ಆರಾಧನೆಗೆ ಎಲ್ಲೆಯಾಗಿ ನಿಲ್ಲಿಸಲಿಲ್ಲ. ದೇವರು ಆತ್ಮಸ್ವರೂಪನಾದಕಾರಣ ಭಕ್ತನ ಅಂತರಂಗದ ಸತ್ಯವೇ ಪೂಜೆಯ ಸ್ಥಾನವೆಂಬುದು ಆತನ ಉತ್ತರದ ತಾತ್ಪರ್ಯವು.

ಈ ಬೋಧೆಯು ಹೊಸದಾಗಿ ಹುಟ್ಟಿದುದಲ್ಲ. ಕ್ರಿಸ್ತನಿಗಿಂತ ಏಳು ಶತಮಾನಗಳಿಗೂ ಹಿಂದೆ, ಕುರಿಗಳನ್ನು ಕಾಯುತ್ತಿದ್ದ ಆಮೋಸನೆಂಬ ಪ್ರವಾದಿಯು, ಬಡವರನ್ನು ತುಳಿಯುವವರ ಉತ್ಸವಗಳನ್ನೂ ಗಾನವನ್ನೂ ದೇವರು ಒಲ್ಲನೆಂದು ಸಾರಿದ್ದನು. ಕಾಣಿಕೆಯನ್ನು ತಂದವನಿಗೆ ತನ್ನಿಂದ ನೊಂದ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಇರಿಸಿ ಹೋಗಿ ಮೊದಲು ಅವನೊಡನೆ ಸಮಾಧಾನ ಮಾಡಿಕೊಳ್ಳತಕ್ಕದ್ದೆಂದು ಯೇಸುವು ವಿಧಿಸಿದನು. ಯಾಕೋಬನ ಪತ್ರಿಕೆಯು ಅನಾಥರ ಮತ್ತು ವಿಧವೆಯರ ಸಂಕಟದಲ್ಲಿ ನೆರವಾಗುವುದನ್ನು ಶುದ್ಧಭಕ್ತಿಯ ಲಕ್ಷಣಗಳಲ್ಲಿ ಎಣಿಸಿರುತ್ತದೆ. ಇವುಗಳಿಂದ ಪೂಜೆಯ ನಿಷೇಧವಾಗಲಿಲ್ಲ. ಪೂಜಿಸುವ ಕೈಯ ಪರೀಕ್ಷೆಯಾಯಿತು.

ಈ ತತ್ವವು ಬಾಳಿನಲ್ಲಿ ಇಳಿದರೆ ಹೇಗಿರುವುದೆಂಬುದಕ್ಕೆ ಫ್ರಾನ್ಸ್ ದೇಶದ ಒಬ್ಬ ಅಡಿಗೆಯವನ ಚರಿತ್ರೆಯೇ ದೃಷ್ಟಾಂತವು. ನಿಕೊಲಾ ಎರ್ಮಾನ್ ಎಂಬಾತನು ಲೊರೇನ್ ಪ್ರಾಂತದ ಬಡಕುಟುಂಬವೊಂದರಲ್ಲಿ ಸುಮಾರು 1614ರಲ್ಲಿ ಜನಿಸಿದನು. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದೊಂದು ದಿನ, ಎಲೆಯುದುರಿ ಬರಿದಾಗಿ ನಿಂತ ಮರವನ್ನು ಕಂಡನು. ಇದೇ ಮರವು ಸ್ವಲ್ಪ ಕಾಲದಲ್ಲಿ ಚಿಗುರಿ ಹೂವು ಹಣ್ಣುಗಳನ್ನು ತಾಳುವುದಲ್ಲವೇ ಎಂದು ಚಿಂತಿಸಲು, ದೇವರ ಪಾಲನೆಯಲ್ಲಿ ಆತನ ಮನಸ್ಸು ನೆಟ್ಟಿತು. ಆತನು ಸೈನಿಕನಾಗಿ ಗಾಯಗೊಂಡನು. ಪರರ ಮನೆಯಲ್ಲಿ ಊಳಿಗ ಮಾಡಿದನು. ಕಡೆಗೆ 1640ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಸಂನ್ಯಾಸಿಗಳ ಮಠವನ್ನು ಸೇರಿ ಸಹೋದರ ಲಾರೆನ್ಸನೆನಿಸಿದನು. ವಿದ್ಯೆಯಿಲ್ಲದ ಆತನಿಗೆ ಗುರುಪದವಿಯು ದೊರೆಯಲಿಲ್ಲ; ದೊರೆತುದು ಪಾಕಶಾಲೆ.

ಆ ಕೆಲಸವು ಆತನ ಸ್ವಭಾವಕ್ಕೆ ಒಗ್ಗುವಂಥದಲ್ಲ. ಆದರೂ ಹದಿನೈದು ವರ್ಷಗಳ ಕಾಲ, ದೇವರ ಪ್ರೀತ್ಯರ್ಥವಾಗಿಯೇ ಒಲೆಯ ಮುಂದೆ ನಿಂತನು. ಒಮ್ಮೆ ಮಠಕ್ಕೆ ದ್ರಾಕ್ಷಾರಸವನ್ನು ಕೊಳ್ಳಲು ಬರ್ಗಂಡಿ ಪ್ರಾಂತಕ್ಕೆ ಹೋಗಬೇಕಾಯಿತು. ವ್ಯಾಪಾರದ ಜಾಣ್ಮೆಯಿಲ್ಲ; ಕಾಲು ಕುಂಟು; ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಸಾಗಬೇಕು. ಇದು ನಿನ್ನ ಕಾರ್ಯವೆಂದು ದೇವರಿಗೆ ಒಪ್ಪಿಸಿ ನಿಶ್ಚಿಂತನಾಗಿ ಹೊರಟನು, ಕಾರ್ಯವು ನೆರವೇರಿತು. ಪ್ರಾರ್ಥನೆಯ ಮೌನದಲ್ಲಿ ಇದ್ದ ಶಾಂತಿಯು ಪಾತ್ರೆಗಳ ಸದ್ದಿನ ನಡುವೆಯೂ ಆತನನ್ನು ಬಿಡಲಿಲ್ಲವೆಂದು ಬಲ್ಲವರು ಹೇಳಿರುವರು.

ಆದರೆ ಇಲ್ಲಿ ಒಂದು ಅಪಾಯವುಂಟು. ಕೆಲಸವೇ ಪೂಜೆಯಾದ ಮೇಲೆ ಬೇರೆ ಪೂಜೆಯೇಕೆ ಎಂದು ಕೇಳುವ ಸೋಮಾರಿಗೆ ಈ ಚರಿತ್ರೆಯು ಆಶ್ರಯವಾಗಲಾರದು. ಲಾರೆನ್ಸನು ಮಠದ ನಿಯತ ಪ್ರಾರ್ಥನೆಯನ್ನು ತೊರೆದವನಲ್ಲ. ಮೊದಲ ಹತ್ತು ವರ್ಷ ಆತನು ತನ್ನ ದೋಷಗಳ ನೆನಪಿನಿಂದ ಬಹಳವಾಗಿ ಕ್ಲೇಶಪಟ್ಟನು. ಚಿತ್ತವು ಚದುರಿದಾಗಲೆಲ್ಲ, ತನ್ನನ್ನು ಹಳಿಯುತ್ತ ಕುಳ್ಳಿರದೆ, ಅದನ್ನು ಮೆಲ್ಲನೆ ದೇವರ ಕಡೆಗೆ ತಿರುಗಿಸುತ್ತಿದ್ದನು. ಈ ಅಭ್ಯಾಸವಿಲ್ಲದವನ ಕೆಲಸವು ಬರಿಯ ದುಡಿಮೆಯು. ಅದಕ್ಕೆ ಕೂಲಿಯುಂಟು, ಹೊಗಳಿಕೆಯುಂಟು, ಪೂಜೆಯ ಫಲವಿಲ್ಲ. ಹಾಗೆಯೇ, ಗುಡಿಯಲ್ಲಿ ಕೈಮುಗಿದು ಹೊರಗೆ ಬಂದು ನೆರೆಯವನನ್ನು ನೋಯಿಸುವವನ ಪೂಜೆಯು ಗುಡಿಯ ಹೊಸ್ತಿಲಲ್ಲಿಯೇ ಸಾಯುವುದು. ಪ್ರಾರ್ಥನೆಯು ಕೆಲಸಕ್ಕೆ ಬೇರು. ಕೆಲಸವು ಪ್ರಾರ್ಥನೆಗೆ ಸಾಕ್ಷಿ.

ಲಾರೆನ್ಸನು ಮುಪ್ಪಿನಲ್ಲಿ ಸಹವಾಸಿಗಳ ಪಾದರಕ್ಷೆಗಳನ್ನು ಹೊಲಿಯುವ ಕೆಲಸದಲ್ಲಿದ್ದು 1691ರಲ್ಲಿ ದೈವಾಧೀನನಾದನು. ಜೋಸೆಫ್ ದ ಬೊಫೋರ್ ಎಂಬ ಗುರುವು ಆತನ ಪತ್ರಗಳನ್ನೂ ಸಂಭಾಷಣೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದನು. ಅವನ್ನು ಕ್ರೈಸ್ತರ ಭಿನ್ನ ಭಿನ್ನ ಪಂಗಡಗಳವರು ಇಂದಿಗೂ ಓದುತ್ತಿರುವರು.

ಕಾಯಕವೆಂಬ ಮಾತನ್ನು ಬಲ್ಲ ಭಕ್ತರಿಗೆ ಈ ಅಡಿಗೆಯವನು ಅಪರಿಚಿತನೆನಿಸಲಾರನು. ಆದರೆ ಎರಡೂ ಒಂದೇ ಎಂದು ಆತುರದಿಂದ ಹೇಳಿ ತೃಪ್ತರಾಗುವುದರಿಂದ ಪ್ರಯೋಜನವಿಲ್ಲ. ಉತ್ಸವದ ದಿನ ದಾಸೋಹದ ಒಲೆಯ ಮುಂದೆ ಬೆವರುವವನು, ಪಂಕ್ತಿಯ ಕೊನೆಯಲ್ಲಿ ಕುಳಿತ ಬಡವನಿಗೂ ಅದೇ ಪ್ರೀತಿಯಿಂದ ಬಡಿಸುತ್ತಿರುವೆನೇ ಎಂದು ತನ್ನನ್ನು ತಾನೇ ಕೇಳಿಕೊಂಡರೆ, ಪ್ಯಾರಿಸಿನ ಆ ಪಾಕಶಾಲೆಯ ಪಾಠವು ಸಾರ್ಥಕವಾಗುವುದು. ಅಂಥ ಮನಸ್ಸು ಸರ್ವರಿಗೂ ಉಂಟಾಗಲಿ.