ಉಬ್ಬಸದ ಮೂಲ ಮನೆಯೊಳಗೂ ಇದೆ



ಆರ್ದ್ರಾ ಮಳೆ ಹಿಡಿಯಿತೆಂದರೆ ಮಲೆನಾಡಿನ ಹಲವು ಮನೆಗಳಲ್ಲಿ ರಾತ್ರಿಯ ನಿದ್ದೆ ಕೆಡುತ್ತದೆ. ಒಬ್ಬರಿಗೆ ಗೂರಲು, ಇನ್ನೊಬ್ಬರಿಗೆ ಎಡೆಬಿಡದ ಸೀನು. ಥಂಡಿ ಹತ್ತಿತೆಂದು ಕಷಾಯ ಕಾಯಿಸುತ್ತಾರೆ. ಕಷಾಯಕ್ಕೆ ಆಕ್ಷೇಪವಿಲ್ಲ, ಅದನ್ನು ಕಾಯಿಸುವ ಒಲೆಯ ಹೊಗೆಯತ್ತ ಮಾತ್ರ ಯಾರ ಗಮನವೂ ಹರಿಯುವುದಿಲ್ಲ.

ಉಬ್ಬಸವು ಪಟ್ಟಣದ ಕಾಯಿಲೆ ಎಂಬ ನಂಬಿಕೆಗೆ ಆಧಾರವಿಲ್ಲದಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ, ಆಸ್ಪತ್ರೆಗೆ ಬಂದ ಮಕ್ಕಳ ಪೈಕಿ ಆಸ್ತಮಾ ಇದ್ದವರು 1979ರಲ್ಲಿ ಶೇ. 9, 1999ರಲ್ಲಿ ಶೇ. 29.5. ಆದರೆ ಲಾರಿಯ ಹೊಗೆಯಲ್ಲಿರುವಂಥದೇ ಸೂಕ್ಷ್ಮ ಕಣಗಳು ಹಸಿ ಕಟ್ಟಿಗೆಯ ಹೊಗೆಯಲ್ಲೂ ಇವೆ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಆ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಉಬ್ಬಸವಿದ್ದವರ ಶ್ವಾಸನಾಳದ ಒಳಪದರು ಮೊದಲೇ ಊದಿಕೊಂಡಿರುತ್ತದೆ. ಹೊಗೆ ತಾಗಿದೊಡನೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆ ತುಂಬುತ್ತದೆ, ಉಸಿರು ಹೊರಬೀಳದಾಗುತ್ತದೆ. ಇದರ ಹೆಚ್ಚಿನ ಪಾಲು ಒಲೆಯ ಮುಂದೆ ಕುಳಿತ ಹೆಂಗಸರಿಗೆ, ಅವರ ಮಗ್ಗುಲಲ್ಲಿರುವ ಕೂಸುಗಳಿಗೆ. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಬಚ್ಚಲ ಒಲೆ ಹಾಗೆಯೇ ಉರಿಯುತ್ತಿದೆ. ಬೇಸಿಗೆಯಲ್ಲೇ ಸೀಳಿ ಒಣಗಿಸಿಟ್ಟ ಕಟ್ಟಿಗೆ ಹೊಗೆಯನ್ನೂ ತಗ್ಗಿಸುತ್ತದೆ, ಕಾಡಿನ ಮೇಲಿನ ಹೊರೆಯನ್ನೂ ತಗ್ಗಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಉದ್ದೇಶವೂ ಇವೆರಡೇ ಆಗಿದ್ದವು. ಆದರೆ ಅದರ ಹೊಗೆಕೊಳವೆಯನ್ನು ಆಗಾಗ ಕೆರೆದು ಮಸಿ ತೆಗೆಯದಿದ್ದರೆ ಹೊಗೆ ಪುನಃ ಮನೆಯೊಳಕ್ಕೇ ತಿರುಗುತ್ತದೆ.

ಇಲ್ಲೊಂದು ತೊಡಕಿದೆ. ಹಳೆಯ ಹೆಂಚಿನ ಮನೆಯ ಒಲೆ ಕೆಮ್ಮು ತಂದರೂ ಅಟ್ಟವನ್ನು ಬೆಚ್ಚಗಿಡುತ್ತಿತ್ತು. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಈಗಿನ ತಾರಸಿ ಮನೆಯಲ್ಲಿ ಹೊಗೆಯಿಲ್ಲ, ಗಾಳಿಯೂ ಇಲ್ಲ. ಕಿಟಕಿ ಮುಚ್ಚಿ, ಒದ್ದೆ ಬಟ್ಟೆಯನ್ನು ಒಳಗೇ ಹರವಿದರೆ ಗೋಡೆಯಲ್ಲಿ ಬೂಷ್ಟು ಬೆಳೆಯದೆ ಇನ್ನೇನಾದೀತು? ಅದರ ಬೀಜಕಣಗಳು ಅಲರ್ಜಿ ಇದ್ದವರ ಉಬ್ಬಸವನ್ನು ಕೆರಳಿಸುತ್ತವೆ. ಗೋಡೆಗೆ ಬಣ್ಣ ಬಳಿದು ಬೂಷ್ಟನ್ನು ಮರೆಸುವುದು ವ್ಯರ್ಥ. ನೀರು ಜಿನುಗುವ ಜಾಗವನ್ನು ಹುಡುಕಿ ಸರಿಪಡಿಸಬೇಕು.

ತೆಂಗಿನಕಾಯಿಯ ನುಸಿ ಎಲ್ಲ ರೈತರಿಗೂ ಗೊತ್ತು. ಅದರ ದೂರದ ಬಳಗದ ಧೂಳುನುಸಿ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ವಾಸಿಸುತ್ತದೆ, ಕಣ್ಣಿಗೆ ಕಾಣದು. ಮನುಷ್ಯರ ಮೈಯಿಂದ ಉದುರಿದ ಚರ್ಮದ ಹೊಟ್ಟು ಅದರ ಆಹಾರ, ಅದರ ಹಿಕ್ಕೆಯೇ ಅಲರ್ಜಿಯ ಮೂಲ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಹೀರಿ ಬದುಕುತ್ತದೆ. ತೇವಾಂಶ ಶೇ. 50ಕ್ಕಿಂತ ಕೆಳಗಿಳಿದು ಅಲ್ಲಿಯೇ ನಿಂತರೆ ಸಾಯುತ್ತದೆ. ಮಲೆನಾಡಿನ ಮಳೆಗಾಲ ಅದಕ್ಕೆ ಸುಗ್ಗಿಯಾಗುವುದು ಈ ಕಾರಣದಿಂದ. ಹೊದಿಕೆಗಳನ್ನು 55–60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಕಂಬಳಿಗೆ ಅದು ಆಗದು. ಹೊಳವಾದ ದಿನ ಕಾದ ಅಂಗಳದಲ್ಲಿ ಹರವಿ, ಉಬ್ಬಸವಿಲ್ಲದವರು ಕೊಡವಬೇಕು. ಬೂಷ್ಟು ಹಿಡಿದ ಹುಲ್ಲನ್ನು ಕೆದಕುವಾಗ, ಚಾಲಿ ಅಡಿಕೆ ಸುಲಿಯುವಾಗ ಏಳುವ ಧೂಳಿಗೂ ಇದೇ ಎಚ್ಚರ ಬೇಕು.

ಹಾಗೆಂದು ಕೊಟ್ಟಿಗೆಯನ್ನೇ ದೂರುವುದು ತರವಲ್ಲ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎರಡು ಕೃಷಿಕ ಸಮುದಾಯಗಳ ಮಕ್ಕಳನ್ನು ಹೋಲಿಸಿತು. ಮನೆಯ ಪಕ್ಕದಲ್ಲೇ ದನ-ಕುದುರೆ ಸಾಕುವ ಆಮಿಶ್ ಮಕ್ಕಳಲ್ಲಿ ಆಸ್ತಮಾ ಶೇ. 5.2, ಯಂತ್ರಕೃಷಿಯ ಹಟರೈಟ್ ಮಕ್ಕಳಲ್ಲಿ ಶೇ. 21.3. ಎಳವೆಯಲ್ಲಿ ಕೊಟ್ಟಿಗೆಯ ಸೂಕ್ಷ್ಮಜೀವಿಗಳ ಒಡನಾಟ ದೇಹವನ್ನು ಪಳಗಿಸುತ್ತದೆಂಬುದು ವಿಜ್ಞಾನಿಗಳ ವಿವರಣೆ. ಆದರೆ ಈಗಾಗಲೇ ಉಬ್ಬಸವಿದ್ದವರಿಗೆ ಇದು ಔಷಧಿಯಲ್ಲ. ಕೊಟ್ಟಿಗೆಯಲ್ಲಿ ಹಾಕುವ ಹೊಗೆಯಂತೂ ಯಾರಿಗೂ ಹಿತವಲ್ಲ. ಸೊಳ್ಳೆಬತ್ತಿಯೂ ಕಡಿಮೆಯದಲ್ಲ: 2003ರ ಅಧ್ಯಯನದ ಪ್ರಕಾರ ಒಂದು ಸುರುಳಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ. ಅದಕ್ಕಿಂತ ಸೊಳ್ಳೆಪರದೆ ಲೇಸು.

ಮನೆಯನ್ನು ಎಷ್ಟೇ ಒಪ್ಪವಾಗಿಟ್ಟರೂ ಔಷಧಿಯನ್ನು ಬಿಡುವಂತಿಲ್ಲ. ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆಂಬ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. 4 ಮಿಲಿಗ್ರಾಂನ ಒಂದು ಸಾಲ್‌ಬ್ಯುಟಮಾಲ್ ಮಾತ್ರೆಯಲ್ಲಿರುವ ಔಷಧಿ, ಇನ್‌ಹೇಲರಿನ 100 ಮೈಕ್ರೋಗ್ರಾಂನ 40 ಎಳೆತಗಳಿಗೆ ಸಮ. ಮಾತ್ರೆಗೆ ಅಂಜದವರು ಇದಕ್ಕೆ ಅಂಜುವುದು ವಿಚಿತ್ರ. ಅಲ್ಲದೆ ಸಾಲ್‌ಬ್ಯುಟಮಾಲ್ ಒಂದರಿಂದಲೇ ಒಳಗಿನ ಊತ ಇಳಿಯದು. ಅದಕ್ಕೆ ಸ್ಟಿರಾಯ್ಡ್ ಇನ್‌ಹೇಲರನ್ನು ವೈದ್ಯರು ಹೇಳಿದಷ್ಟು ಕಾಲ ಬಳಸಬೇಕು. ಮಾತು ಪೂರೈಸಲಾಗದಷ್ಟು ಏದುಸಿರಿದ್ದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮಳೆಗಾಲದಲ್ಲಿ ಸಂಕ ಮುಳುಗುವ ಊರುಗಳವರು ಎರಡು ತಿಂಗಳ ಔಷಧಿಯನ್ನು ಆರ್ದ್ರೆಗೆ ಮುನ್ನವೇ ತಂದಿಟ್ಟುಕೊಳ್ಳಬೇಕು.