ದೆವ್ವದ ಬಿಸ್ಕತ್ತು, ಸಕ್ಕರೆ ಅಚ್ಚು

ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಮಕ್ಕಳೊಂದಿಗೆ ಸೇರಿ ದೆವ್ವ, ಬಾವಲಿ, ಕುಂಬಳಕಾಯಿ ಆಕಾರದ ಬಿಸ್ಕತ್ತು ಮಾಡುವುದು ಬೆಂಗಳೂರಿನ ಚಂದ್ರಾ ಲೇಔಟಿನಂಥ ಬಡಾವಣೆಗೆ ಬೇಕೇ ಎಂದು ಕೇಳುವವರಿದ್ದಾರೆ. ಹಬ್ಬ ಹೊರಗಿನದು, ನಿಜ. ಆ ಕೆಲಸ ಮಾತ್ರ ನಮಗೆ ಹೊಸತಲ್ಲ. ಸಂಕ್ರಾಂತಿಗೆ ಮುನ್ನ ಮರದ ಅಚ್ಚಿಗೆ ಬಿಸಿ ಸಕ್ಕರೆ ಪಾಕ ಹೊಯ್ದು ಗಿಳಿ, ಆನೆ, ತುಳಸಿಕಟ್ಟೆಗಳನ್ನು ಬಿಡಿಸಿ ತೆಗೆಯುವ ಮನೆಗಳಲ್ಲಿ ಮಕ್ಕಳ ಸಂಭ್ರಮ ಇದೇ: ಕಣ್ಣೆದುರೇ ಆಕಾರ ಮೂಡುವುದು, ಅದನ್ನು ಬೀದಿಯವರಿಗೆಲ್ಲ ಹಂಚುವುದು. ಈಗ ಎಷ್ಟೋ ಮನೆಗಳಿಗೆ ಆ ಸಕ್ಕರೆ ಅಚ್ಚು ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ. ಅದಕ್ಕೆ ಹ್ಯಾಲೋವೀನನ್ನು ದೂರುವುದು ನ್ಯಾಯವಲ್ಲ. ಬೇಕರಿ ಒಲೆಯೂ ಹೊರಗಿನಿಂದ ಬಂದದ್ದೇ. 1898ರಲ್ಲಿ ಚಿಕ್ಕಪೇಟೆಯ ಬಿ.ಬಿ. ಬೇಕರಿಯಿಂದ ಆರಂಭವಾದ ಅಯ್ಯಂಗಾರ್ ಬೇಕರಿಗಳ ಪರಂಪರೆ ಖಾರಾ ಬಿಸ್ಕತ್ತನ್ನು ಬೆಂಗಳೂರಿನ ತಿಂಡಿಯನ್ನಾಗಿಸಿತು.

ದೆವ್ವದ ಆಟದಿಂದ ಮಕ್ಕಳು ಹೆದರುವುದಿಲ್ಲವೇ? 1990ರ ದಶಕದಲ್ಲಿ ದೆವ್ವಕ್ಕೆ ಹೆದರಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ದೊಡ್ಡವರು. ತಾನೇ ಲಟ್ಟಿಸಿ ಕತ್ತರಿಸಿದ ದೆವ್ವವನ್ನು ಕಚ್ಚಿ ತಿನ್ನುವ ಮಗುವಿನಲ್ಲಿ ಭಯಕ್ಕಿಂತ ಧೈರ್ಯವೇ ಹೆಚ್ಚು ಕಾಣುತ್ತದೆ. ಮೈದಾ, ಸಕ್ಕರೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬೆಲ್ಲದ ಪುಡಿ, ರಾಗಿ ಹಿಟ್ಟು ಬಳಸಬಹುದು; ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ ಹಿಟ್ಟು ಬಿರುಕು ಬಿಡುತ್ತದೆ, ಅರ್ಧದಷ್ಟು ಗೋಧಿ ಹಿಟ್ಟು ಬೆರೆಸಬೇಕು. ಕತ್ತರಿಸಿದ್ದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ, ಓವನ್ನಿನಲ್ಲಿ ಬಾವಲಿಯ ರೆಕ್ಕೆ ಅಷ್ಟಾಗಿ ಹರಡುವುದಿಲ್ಲ. ಬಿಸಿ ತಟ್ಟೆ ದೊಡ್ಡವರ ಕೈಯಲ್ಲೇ ಇರಲಿ. ಲಟ್ಟಣಿಗೆಯನ್ನು ಮಾತ್ರ ಧಾರಾಳವಾಗಿ ಮಕ್ಕಳಿಗೆ ಕೊಡಿ, ಅಂಚು ಸೊಟ್ಟಗಾದರೂ ತಿದ್ದಲು ಹೋಗಬೇಡಿ.