ಗಂಜೀಫಾದಿಂದ ಮೊಬೈಲ್ ರಮ್ಮಿಯವರೆಗೆ

ಮೊಬೈಲ್‌ನಲ್ಲಿ ರಮ್ಮಿ ಆಡುವವರ ಹೆಬ್ಬೆರಳು ಎಲೆ ಹಂಚಿದ ಕೂಡಲೇ ಹೋಗುವುದು ‘ಸಾರ್ಟ್’ ಎಂಬ ಗುಂಡಿಯ ಮೇಲೆ. ಹದಿಮೂರು ಎಲೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಇಸ್ಪೀಟು, ಆಟೀನು, ಡೈಮಂಡು, ಕಳಾವರು ಎಂದು ಬೇರೆಬೇರೆಯಾಗಿ ಸಾಲುಗಟ್ಟುತ್ತವೆ. ಎದುರಾಳಿ ಈವರೆಗೆ ಏನೇನು ಬಿಸಾಡಿದ ಎಂದು ತಿಳಿಯಬೇಕೇ? ಅನೇಕ ಆ್ಯಪ್‌ಗಳಲ್ಲಿ ಅದಕ್ಕೂ ಒಂದು ಗುಂಡಿ ಉಂಟು, ಒತ್ತಿದರೆ ಪಟ್ಟಿಯೇ ಬಿಚ್ಚಿಕೊಳ್ಳುತ್ತದೆ. ಜಗಲಿಯ ಮೇಲೆ ಚಾಪೆ ಹಾಸಿ ಆಡುವವರು ಇದನ್ನೆಲ್ಲ ತಲೆಯಲ್ಲೇ ಇಟ್ಟುಕೊಳ್ಳಬೇಕು. ಯಾವ ಗುಲಾಮ ಹೋಯಿತು, ಯಾವ ರಾಣಿ ಇನ್ನೂ ಕಟ್ಟಿನಲ್ಲಿದೆ ಎಂಬ ಲೆಕ್ಕ ತಪ್ಪದವನಿಗೇ ಅಲ್ಲಿ ಆಟಗಾರ ಎಂಬ ಹೆಸರು. ನಮ್ಮ ದೇಶದ ಎಲೆಯಾಟದ ಚರಿತ್ರೆಯಲ್ಲಿ ದೊಡ್ಡ ಪಾಲು ಈ ನೆನಪಿನ ಲೆಕ್ಕದ್ದೇ.

ಆ ಚರಿತ್ರೆಯಲ್ಲಿ ಇಸವಿ ಹಿಡಿದು ಹೇಳಬಹುದಾದ ಹಳೆಯ ಘಟನೆ 1527ರದು. ಸಿಂಧ್ ಪ್ರಾಂತದ ಷಾ ಹಸನ್‌ಗೆ ಗಂಜೀಫಾ ಎಂಬ ಆಟದ ಎಲೆಗಳನ್ನು ಕಳಿಸಿಕೊಟ್ಟ ಸಂಗತಿಯನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಷಾ ಹಸನ್‌ಗೆ ಆ ಆಟದ ಹುಚ್ಚಿತ್ತಂತೆ. ಮುಂದೆ ಅಕ್ಬರನ ಆಸ್ಥಾನದ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ 12 ಬಣ್ಣಗಳ, 144 ಎಲೆಗಳ ಒಂದು ಹಳೆಯ ಕಟ್ಟನ್ನು ವಿವರಿಸಿದ. ಅಶ್ವಪತಿ, ಗಜಪತಿ, ನರಪತಿ, ಗಢಪತಿ ಎಂದು ಒಂದೊಂದು ಬಣ್ಣಕ್ಕೂ ಒಬ್ಬೊಬ್ಬ ಒಡೆಯ. ಅಕ್ಬರ್ ಅದರಲ್ಲಿ ಕೆಲವನ್ನು ತನಗೆ ಬೇಕಾದಂತೆ ಬದಲಿಸಿಕೊಂಡ. ಆಟದ ನಿಯಮಕ್ಕೆ ಅಧಿಕಾರದಲ್ಲಿದ್ದವರು ಕೈ ಹಾಕುವುದು ಈ ದೇಶದಲ್ಲಿ ಹೊಸದಲ್ಲ.

ಜನರ ನಡುವೆ ಹೆಚ್ಚು ಓಡಾಡಿದ್ದು 96 ಎಲೆಗಳ ಮೊಘಲ್ ಗಂಜೀಫಾ ಮತ್ತು 120 ಎಲೆಗಳ ದಶಾವತಾರ ಗಂಜೀಫಾ. ಎಲೆಗಳು ಹೆಚ್ಚಾಗಿ ದುಂಡಗಿನವು, ಕೈಯಲ್ಲಿ ಚಿತ್ರ ಬರೆದಂಥವು. ದಶಾವತಾರದಲ್ಲಿ ಮತ್ಸ್ಯ, ಕೂರ್ಮ ಎಂದು ಹತ್ತು ಬಣ್ಣ. ಪ್ರತಿ ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿ ಎಲೆಗಳು. ಮೂವರು ಕುಳಿತರೆ ತಲೆಗೆ 40 ಎಲೆ. ಹಗಲಿನ ಆಟಕ್ಕೆ ರಾಮ ಮುಂದು, ರಾತ್ರಿಯ ಆಟಕ್ಕೆ ಕೃಷ್ಣ. ಅರ್ಧದಷ್ಟು ಬಣ್ಣಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಉಳಿದರ್ಧದಲ್ಲಿ ಎಕ್ಕ ದೊಡ್ಡದು. ತುರುಫು ಎಂಬುದೇ ಇಲ್ಲ. ಹತ್ತು ದೊಡ್ಡದಾದ ಬಣ್ಣದಲ್ಲಿ ರಾಜ ಮಂತ್ರಿ ಇಬ್ಬರೂ ಹೋದ ಮೇಲೆ ಒಂಬತ್ತು ಗೆಲ್ಲಬೇಕಾದರೆ ಹತ್ತು ಬಿದ್ದಿದೆ ಎಂಬುದು ಆಡುವವನಿಗೆ ಖಾತ್ರಿ ಇರಬೇಕು. ಅಂದರೆ 120 ಎಲೆಗಳ ಲೆಕ್ಕ ಮನಸ್ಸಿನಲ್ಲಿ ನಿಂತಿರಬೇಕು. ಇಂದು ಕೂತು ಆಡಿನೋಡಿದರೆ ಹತ್ತೇ ನಿಮಿಷದಲ್ಲಿ ಬೆವರು ಬರುವಂಥ ಆಟ.

ಇಷ್ಟೂ ಸಾಲದು ಎನಿಸಿದ್ದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನು ಬಿಡಿಸುತ್ತಿದ್ದ ಈ ದೊರೆ ‘ಛದ’ ಎಂಬ ಹೆಸರಿನಲ್ಲಿ ಹೊಸಹೊಸ ಎಲೆಯಾಟಗಳನ್ನೇ ಕಟ್ಟಿದರು. ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 300ನ್ನು ದಾಟಿತು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಇವುಗಳ ವಿವರವಿದೆ. ಅರಮನೆಯ ಹೊರಗೆ ಇವನ್ನು ಆಡಿದವರು ವಿರಳ. ಅಷ್ಟು ಎಲೆಗಳನ್ನು ನೆನಪಿಡುವ ವ್ಯವಧಾನ ದೊರೆಗಳಿಗಲ್ಲದೆ ಇನ್ಯಾರಿಗಿದ್ದೀತು? ಆದರೆ ಚಿತ್ರಗಾರಿಕೆ ಉಳಿಯಿತು. ಮೈಸೂರು ಗಂಜೀಫಾಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಇಂದು ಅದನ್ನು ಕೊಳ್ಳುವವರು ಗೋಡೆಗೆ ತೂಗುಹಾಕಲು ಕೊಳ್ಳುತ್ತಾರೆಯೇ ಹೊರತು ಆಡಲಿಕ್ಕಲ್ಲ.

ಅಚ್ಚಿನ ಯಂತ್ರದಿಂದ ಹೊರಬಂದ 52 ಎಲೆಗಳ ಅಗ್ಗದ ಇಸ್ಪೀಟು ಕಟ್ಟು ಕೈಬರಹದ ಗಂಜೀಫಾವನ್ನು ಮೂಲೆಗೆ ಸರಿಸಿತು. ಹೊರದೇಶದ ರಮ್ಮಿ ಬಂದು ಇಲ್ಲಿ ಎರಡು ಕಟ್ಟುಗಳ, ಹದಿಮೂರು ಎಲೆಗಳ ಆಟವಾಯಿತು. ಜೋಕರಿಲ್ಲದ ಒಂದು ಸಾಲು, ಅಂದರೆ ‘ಲೈಫ್’, ಆಗದೆ ಆಟ ಮುಗಿಸುವ ‘ಶೋ’ ಇಲ್ಲ. ಕೈ ಸರಿಯಿಲ್ಲದಿದ್ದರೆ ಮೊದಲೇ ಆಟ ಬಿಡುವ ‘ಸ್ಕೂಟ್’, ದಂಡ 20 ಪಾಯಿಂಟ್. ನಡುವೆ ಬಿಟ್ಟರೆ 40, ‘ಫುಲ್ ಕೌಂಟ್’ ಬಿದ್ದರೆ 80. ಮದುವೆ ಮನೆಯ ರಾತ್ರಿ, ದೀಪಾವಳಿಯ ರಜೆ, ಊರಿನ ಕ್ಲಬ್ಬು, ಎಲ್ಲ ಕಡೆಯೂ ಇದೇ ಮಾತು.

ನೆನಪು ಎಂಬುದು ಕಾನೂನಿನ ವಿಷಯವಾದದ್ದು ಒಂದು ಪೊಲೀಸ್ ದಾಳಿಯಿಂದ. 1963ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿಗೆ ಪೊಲೀಸರು ನುಗ್ಗಿ ಪಣವಿಟ್ಟು ರಮ್ಮಿ ಆಡುತ್ತಿದ್ದವರನ್ನು ಹಿಡಿದರು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. 1967ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಬರೆದ ತೀರ್ಪು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು, ಹಿಡಿಯುವುದು ಬಿಡುವುದನ್ನು ಯೋಚಿಸಿ ಮಾಡಬೇಕು ಎಂಬುದೇ ಅದಕ್ಕೆ ಕೊಟ್ಟ ಕಾರಣ. ಮೂರೆಲೆಯ ಆಟ ಮಾತ್ರ ಬರೀ ಅದೃಷ್ಟದ್ದು ಎಂದಿತು. ಪಣದ ಆಟದಿಂದ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದು ಎಂಬ ಮಾತೂ ಅದೇ ತೀರ್ಪಿನಲ್ಲಿತ್ತು. ಮುಂದಿನ ದಿನಗಳಲ್ಲಿ ಮೊದಲ ಮಾತನ್ನು ಎತ್ತಿ ಹಿಡಿದಷ್ಟು ಉತ್ಸಾಹದಿಂದ ಈ ಕೊನೆಯ ಮಾತನ್ನು ಯಾರೂ ಎತ್ತಿ ಹಿಡಿಯಲಿಲ್ಲ.

2006ರ ಸುಮಾರಿಗೆ ಹೈದರಾಬಾದಿನಲ್ಲಿ, ಮುಂಬಯಿಯಲ್ಲಿ ಹುಟ್ಟಿದ ಕಂಪನಿಗಳು ರಮ್ಮಿಯನ್ನು ಕಂಪ್ಯೂಟರಿಗೆ ತಂದವು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಅದೇ ವರ್ಷ ಯುಪಿಐ ಕೂಡ ಬಂತು. ಆಟದ ಮೇಜೂ ಹಣದ ಚೀಲವೂ ಒಂದೇ ಫೋನಿನೊಳಗೆ ಸೇರಿಕೊಂಡವು. ಬೆಂಗಳೂರಿನಲ್ಲೇ ದೊಡ್ಡದೊಡ್ಡ ಗೇಮಿಂಗ್ ಕಂಪನಿಗಳು ಬೆಳೆದವು.

ಫೋನಿನಲ್ಲಿ ಎಲೆ ಕಲಸುವ ಕೈ ಇಲ್ಲ, ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಪ್ರೋಗ್ರಾಂ ಆ ಕೆಲಸ ಮಾಡುತ್ತದೆ. ಯೋಚಿಸಲು ಕೆಲವೇ ಸೆಕೆಂಡು, ಗಡಿಯಾರದ ವೃತ್ತ ಕರಗುತ್ತಲೇ ಇರುತ್ತದೆ. ಪಾಯಿಂಟಿಗೆ ಹತ್ತು ರೂಪಾಯಿ ಇಟ್ಟವನು ಫುಲ್ ಕೌಂಟ್ ಕೊಟ್ಟರೆ ನಾಲ್ಕೈದು ನಿಮಿಷದಲ್ಲಿ 800 ರೂಪಾಯಿ ಹೋಗುತ್ತಿತ್ತು. ಕ್ಲಬ್ಬಿಗೆ ಬಾಗಿಲು ಹಾಕುವ ಹೊತ್ತೊಂದಿತ್ತು, ಇಲ್ಲಿ ಆ ಹೊತ್ತೇ ಬರುತ್ತಿರಲಿಲ್ಲ. ಕೋರ್ಟು ಯಾವ ನೆನಪನ್ನು ಕೌಶಲವೆಂದು ಎಣಿಸಿತೋ ಅದರ ಒಂದು ಭಾಗವನ್ನು ಗುಂಡಿಗಳು ಹೊತ್ತುಕೊಂಡವು. ಆದರೂ ಕಂಪನಿಗಳ ವಾದ ನಿಂತಿದ್ದು ಕ್ಲಬ್ಬಿನ ರಮ್ಮಿಯ ಕುರಿತು ಬಂದ ಆ 1967ರ ತೀರ್ಪಿನ ಮೇಲೆಯೇ.

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟವನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2023ರ ಅಕ್ಟೋಬರ್‌ನಿಂದ ಆಟಕ್ಕೆ ಹಾಕುವ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. ಕೊನೆಗೆ ಸಂಸತ್ತೇ ಕೈಹಾಕಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ್ದೋ ಅದೃಷ್ಟದ್ದೋ ಎಂದು ಕೇಳುವುದೇ ಇಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವಾದರೆ ನಿಷಿದ್ಧ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ. ದೊಡ್ಡ ಕಂಪನಿಗಳು ಹಣದ ಮೇಜುಗಳನ್ನು ಎತ್ತಿದವು, ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಸುಮಾರು ಅರವತ್ತು ವರ್ಷ ಹಿಡಿದುಕೊಂಡು ಬಂದ ಕೌಶಲದ ವಾದವನ್ನು ಫೋನಿನ ಮೇಜಿನ ಮೇಲೆ ಹೊಸದಾಗಿ ತೂಗಿ ನೋಡದೆ ಪಕ್ಕಕ್ಕಿಟ್ಟದ್ದು ಅವಸರವೇ ಸರಿ. ಆದರೆ ಪಾಯಿಂಟಿನ ಲೆಕ್ಕದಲ್ಲಿ ಸಂಬಳ ಕರಗಿಸಿಕೊಂಡ ಮನೆಗಳನ್ನು ಕಂಡವರು ಆ ಅವಸರವನ್ನು ದೂರುವುದು ಕಷ್ಟ.

ಪಣವಿಲ್ಲದ ಆಟಕ್ಕೆ ಈ ಕಾಯ್ದೆಯಿಂದ ಯಾವ ಅಡ್ಡಿಯೂ ಇಲ್ಲ. ಬಸ್ಸಿನಲ್ಲಿ ಕೂತು ಬರೀ ಆಟದ ಚಿಪ್ಸ್ ಇಟ್ಟು ರಮ್ಮಿಯನ್ನೋ ಇಪ್ಪತ್ತೆಂಟು ಎಂಬ ಎಲೆಯಾಟವನ್ನೋ ಧಾರಾಳವಾಗಿ ಆಡಬಹುದು. ಆದರೆ ವಾಟ್ಸ್‌ಆ್ಯಪ್‌ನಲ್ಲೋ ಟೆಲಿಗ್ರಾಂನಲ್ಲೋ ಬಂದ ಕೊಂಡಿಯಿಂದ ಇಳಿಸಿಕೊಂಡ ಆ್ಯಪ್ ಹಣ ಕಟ್ಟಿ ಗೆಲ್ಲಿರೆಂದು ಕರೆದರೆ ಅಲ್ಲೇ ಸ್ಕೂಟ್ ಮಾಡಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.